ದೊಡ್ಡ ಅಪ್‌ಡೇಟ್ ಯಾವಾಗ ಆಗಬೇಕು ಅಂತ ನೀವೇ ನಿರ್ಧರಿಸಿ: ವಿಂಡೋಸ್, ಮ್ಯಾಕ್, ಉಬುಂಟುಗೆ ಸಮಗ್ರ ಮಾರ್ಗದರ್ಶಿ

ಅಪ್‌ಡೇಟ್ ಬೇಡವೇ ಬೇಡ ಅನ್ನುವವರು ಕಡಿಮೆ. ಆದರೆ ನಾಳೆ ಬೆಳಿಗ್ಗೆ ಮುಖ್ಯವಾದ ಕೆಲಸ ಒಪ್ಪಿಸಬೇಕು ಅನ್ನುವಾಗ, ಇವತ್ತು ರಾತ್ರಿ ಕಂಪ್ಯೂಟರ್ ತಾನಾಗಿಯೇ ಹೊಸ ಆವೃತ್ತಿಗೆ ಹಾರಿಬಿಟ್ಟರೆ, ಬೆಳಿಗ್ಗೆ ನೋಡಿದರೆ ಪ್ರಿಂಟರ್ ಸಿಗುತ್ತಿಲ್ಲ, ಸೌಂಡ್ ಬರುತ್ತಿಲ್ಲ ಅಂತಾದರೆ, ಅದು ಯಾರಿಗೂ ಬೇಡ ಅಲ್ವಾ? ಹೀಗೆ ಒಮ್ಮೆ ಆದಮೇಲೆ ತುಂಬಾ ಜನ ಅಪ್‌ಡೇಟ್ ಅನ್ನೇ ಪೂರ್ತಿ ಬಂದ್ ಮಾಡಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಣ್ಣ ಸೆಕ್ಯುರಿಟಿ ಅಪ್‌ಡೇಟ್ ಪ್ರತಿ ತಿಂಗಳೂ ತಪ್ಪದೆ ಬರಲಿ, ದೊಡ್ಡದು ಮಾತ್ರ ನೀವು ಕರೆದಾಗ ಬರಲಿ. ಇವೆರಡನ್ನೂ ಬೇರೆ ಬೇರೆಯಾಗಿ ಹಿಡಿತದಲ್ಲಿ ಇಟ್ಟುಕೊಳ್ಳಬಹುದು. ಅದಕ್ಕೆ ಬೇಕಾದ ಸೆಟ್ಟಿಂಗ್‌ಗಳೆಲ್ಲ ಸಿಸ್ಟಮ್‌ನಲ್ಲೇ ಇವೆ, ಹೊರಗಿನ ಯಾವ ಸಾಫ್ಟ್‌ವೇರೂ ಬೇಕಿಲ್ಲ.

ಒಂದು ಮಾತು ಮೊದಲೇ ಹೇಳುತ್ತೇನೆ. ಕಂಪ್ಯೂಟರ್ ನಿಮ್ಮ ಕಂಪನಿಯದ್ದೋ ಕಾಲೇಜಿನದ್ದೋ ಆಗಿದ್ದರೆ, ಅಲ್ಲಿನ ಐಟಿಯವರು ಇದನ್ನೆಲ್ಲ ಈಗಾಗಲೇ ನಿಗದಿ ಮಾಡಿರುತ್ತಾರೆ. ಅಲ್ಲಿ ಕೈ ಹಾಕಬೇಡಿ, ಅವರನ್ನೇ ಕೇಳಿ.

ಯಾವುದು ಸಣ್ಣದು, ಯಾವುದು ದೊಡ್ಡದು

ವಿಂಡೋಸ್‌ನಲ್ಲಿ ಪ್ರತಿ ತಿಂಗಳ ಎರಡನೇ ಮಂಗಳವಾರ ಬರುವುದಕ್ಕೆ ಕ್ವಾಲಿಟಿ ಅಪ್‌ಡೇಟ್ ಅನ್ನುತ್ತಾರೆ. ಭದ್ರತೆಯಲ್ಲಿ ಕಂಡ ತೂತುಗಳನ್ನು ಮುಚ್ಚುವುದು ಇದರ ಮುಖ್ಯ ಕೆಲಸ. ವರ್ಷಕ್ಕೊಮ್ಮೆ, ವರ್ಷದ ಎರಡನೇ ಅರ್ಧದಲ್ಲಿ ಬರುವುದು ಫೀಚರ್ ಅಪ್‌ಡೇಟ್. ಆವೃತ್ತಿಯ ಹೆಸರು ಬದಲಾಗುವುದು ಇದರಲ್ಲೇ. 24ಎಚ್2 ಅಂದರೆ 2024ರ ಎರಡನೇ ಅರ್ಧದ್ದು, 25ಎಚ್2 ಅಂದರೆ 2025ರದ್ದು.

ಫೀಚರ್ ಅಪ್‌ಡೇಟ್‌ಗಳೆಲ್ಲ ಒಂದೇ ಗಾತ್ರದವಲ್ಲ. 23ಎಚ್2ನಿಂದ 24ಎಚ್2ಗೆ ಹೋಗುವಾಗ ಇಡೀ ಆಪರೇಟಿಂಗ್ ಸಿಸ್ಟಮ್ಮೇ ಬದಲಾಗುತ್ತದೆ, ತುಂಬಾ ಹೊತ್ತು ಹಿಡಿಯುತ್ತದೆ. ಆದರೆ 24ಎಚ್2ನಿಂದ 25ಎಚ್2ಗೆ ಹೋಗುವುದು ಸಣ್ಣ ಕೆಲಸ. ಹೊಸ ಆವೃತ್ತಿಗೆ ಬೇಕಾದ ಫೈಲ್‌ಗಳು ತಿಂಗಳ ಅಪ್‌ಡೇಟ್‌ಗಳ ಜೊತೆ ಮೊದಲೇ ಬಂದು ಕೂತಿರುತ್ತವೆ, ಒಂದು ಪುಟ್ಟ ಪ್ಯಾಕೇಜ್ ಬಂದು ಅವನ್ನು ಆನ್ ಮಾಡುತ್ತದೆ, ಒಂದು ರೀಸ್ಟಾರ್ಟ್‌ನಲ್ಲಿ ಮುಗಿಯುತ್ತದೆ. ಹಾಗಾಗಿ ಮುಂದೂಡುವ ಮೊದಲು ನಿಮ್ಮ ಮುಂದಿರುವ ಜಿಗಿತ ಯಾವ ಬಗೆಯದ್ದು ಅಂತ ನೋಡಿಕೊಳ್ಳಿ. ಎರಡನೇ ಬಗೆಯದ್ದಾದರೆ ಅಷ್ಟು ಹೆದರಬೇಕಿಲ್ಲ.

ಕಾಯುವುದರಲ್ಲಿ ಅರ್ಥ ಇದೆಯಾ ಅಂದರೆ, ಇದೆ. 2018ರ ಅಕ್ಟೋಬರ್ 2ರಂದು ವಿಂಡೋಸ್ 10ರ 1809 ಆವೃತ್ತಿ ಬಿಡುಗಡೆಯಾಯಿತು. ಕೆಲವರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ತರಹದ ಫೋಲ್ಡರ್‌ಗಳಲ್ಲಿದ್ದ ಸ್ವಂತ ಫೈಲ್‌ಗಳೇ ಅಳಿಸಿಹೋದವು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅದನ್ನು ನಿಲ್ಲಿಸಿತು, ಸರಿಪಡಿಸಿ ನವೆಂಬರ್ 13ರಂದು ಮತ್ತೆ ಬಿಟ್ಟಿತು. ಆರು ವಾರ ಕಾದವರಿಗೆ ಏನೂ ಆಗಲಿಲ್ಲ. ಮೊದಲು ಸಿಕ್ಕಿಬಿದ್ದವರು ತಾವಾಗಿಯೇ ಹೋಗಿ ಚೆಕ್ ಫಾರ್ ಅಪ್‌ಡೇಟ್ಸ್ ಒತ್ತಿದವರು. ಆಗ ಆ ಬಟನ್ ಒತ್ತಿದರೆ ದೊಡ್ಡ ಅಪ್‌ಡೇಟ್ ಕೇಳದೆಯೇ ಶುರುವಾಗುತ್ತಿತ್ತು. ಅದಕ್ಕೆ ಬೇರೆಯದೇ ಡೌನ್‌ಲೋಡ್ ಬಟನ್ ಕೊಟ್ಟಿದ್ದು 2019ರಲ್ಲಿ.

ಪೂರ್ತಿ ಬಂದ್ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ಫೈಲ್‌ಗಳಿಗೆ ಬೀಗ ಜಡಿದು ಹಣ ಕೇಳುವ ವನ್ನಾಕ್ರೈ ಅನ್ನುವ ರ‍್ಯಾನ್ಸಮ್‌ವೇರ್ 2017ರ ಮೇ 12ರಂದು ಜಗತ್ತಿನ ತುಂಬಾ ಹರಡಿತು. ಅದು ನುಗ್ಗಲು ಬಳಸಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಎರಡು ತಿಂಗಳ ಸಮಯ ಇತ್ತು! ಹಾಕಿಕೊಳ್ಳದೆ ಬಿಟ್ಟ ಕಂಪ್ಯೂಟರ್‌ಗಳು ಬಲಿಯಾದವು.

ಮೊದಲು ನಿಮ್ಮ ಕಂಪ್ಯೂಟರ್ ಯಾವ ಆವೃತ್ತಿಯಲ್ಲಿದೆ ಅಂತ ನೋಡಿ

ಕೀಬೋರ್ಡ್‌ನಲ್ಲಿ ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ವಿನ್‌ವರ್ (winver) ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ಪುಟ್ಟ ಕಿಟಕಿಯಲ್ಲಿ ಆವೃತ್ತಿ ಕಾಣುತ್ತದೆ. ಎಡಿಷನ್ ಹೋಮೋ ಪ್ರೋನೋ ಅನ್ನುವುದು ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ನಲ್ಲಿ ಸಿಗುತ್ತದೆ. ಇವೆರಡನ್ನೂ ಬರೆದಿಟ್ಟುಕೊಳ್ಳಿ, ಮುಂದಿನದ್ದೆಲ್ಲ ಇದರ ಮೇಲೆಯೇ ನಿಂತಿದೆ.

ಹೋಮ್ ಮತ್ತು ಪ್ರೋದಲ್ಲಿ ಒಂದೊಂದು ಆವೃತ್ತಿಗೂ 24 ತಿಂಗಳು ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ. ಎಂಟರ್‌ಪ್ರೈಸ್, ಎಜುಕೇಷನ್‌ಗೆ 36 ತಿಂಗಳು. ವಿಂಡೋಸ್ 11ರ 23ಎಚ್2ಗೆ ಹೋಮ್ ಮತ್ತು ಪ್ರೋದಲ್ಲಿ 2025ರ ನವೆಂಬರ್ 11ಕ್ಕೆ ಅವಧಿ ಮುಗಿಯಿತು. 24ಎಚ್2ಗೆ 2026ರ ಅಕ್ಟೋಬರ್ 13ರವರೆಗೆ, 25ಎಚ್2ಗೆ 2027ರ ಅಕ್ಟೋಬರ್ 12ರವರೆಗೆ. ನಿಮಗೆ ಸಂಬಂಧಪಟ್ಟ ದಿನಾಂಕಕ್ಕೆ ಎರಡು ತಿಂಗಳು ಮುಂಚೆ ಫೋನಿನ ಕ್ಯಾಲೆಂಡರ್‌ನಲ್ಲಿ ಒಂದು ರಿಮೈಂಡರ್ ಹಾಕಿ. ನಿಜ ಹೇಳಬೇಕೆಂದರೆ ಮುಂದೂಡುವವರು ಮಾಡಲೇಬೇಕಾದ ಕೆಲಸ ಇದು. ಎಷ್ಟೋ ಜನ ಮುಂದೂಡಿ ಮರೆತೇ ಬಿಡುತ್ತಾರೆ.

ಹೋಮ್ ಎಡಿಷನ್‌ನಲ್ಲಿ ಏನು ಮಾಡಬಹುದು

ಹೋಮ್‌ನಲ್ಲಿ ಹಿಡಿತ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಸೆಟ್ಟಿಂಗ್ಸ್ ತೆರೆದು ವಿಂಡೋಸ್ ಅಪ್‌ಡೇಟ್‌ಗೆ ಹೋಗಿ.

ಅಲ್ಲಿ "ಗೆಟ್ ದ ಲೇಟೆಸ್ಟ್ ಅಪ್‌ಡೇಟ್ಸ್ ಆಸ್ ಸೂನ್ ಆಸ್ ದೇ ಆರ್ ಅವೈಲಬಲ್" ಅನ್ನುವ ಸ್ವಿಚ್ ಇರುತ್ತದೆ. ಅದು ಆಫ್ ಇರಲಿ. ಆನ್ ಇದ್ದರೆ ಹೊಸದೆಲ್ಲ ಮೊದಲು ನಿಮಗೇ ಕೊಡಿ ಅಂತ ನೀವೇ ಕೇಳಿಕೊಂಡ ಹಾಗೆ. ಹಾಗೆಯೇ ಕೆಳಗೆ ವಿಂಡೋಸ್ ಇನ್‌ಸೈಡರ್ ಪ್ರೋಗ್ರಾಮ್ ಅಂತ ಇದೆ. ಎಂದೋ ಕುತೂಹಲಕ್ಕೆ ಸೇರಿಕೊಂಡಿದ್ದರೆ ಹೊರಗೆ ಬನ್ನಿ, ಅದು ಪರೀಕ್ಷೆಯ ಹಂತದಲ್ಲಿರುವ ಆವೃತ್ತಿಗಳನ್ನು ತರುತ್ತದೆ.

ಹೊಸ ಆವೃತ್ತಿ ನಿಮ್ಮ ಕಂಪ್ಯೂಟರ್‌ಗೆ ಸಿದ್ಧವಾದಾಗ ಇದೇ ಪುಟದಲ್ಲಿ ಅದರ ಹೆಸರಿನ ಜೊತೆ ಡೌನ್‌ಲೋಡ್ ಅಂಡ್ ಇನ್‌ಸ್ಟಾಲ್ ಬಟನ್ ಕಾಣುತ್ತದೆ. ಒತ್ತದಿದ್ದರೆ ಸದ್ಯಕ್ಕೆ ಏನೂ ಆಗುವುದಿಲ್ಲ. ಸದ್ಯಕ್ಕೆ ಅಂದೆ, ಗಮನಿಸಿ. ಈಗಿನ ಆವೃತ್ತಿಯ ಅವಧಿ ಮುಗಿಯುತ್ತಾ ಬಂದಾಗ, ಕೆಲವೊಮ್ಮೆ ಅದಕ್ಕಿಂತ ಮುಂಚೆಯೂ, ವಿಂಡೋಸ್ ಅದನ್ನು ತಾನಾಗಿಯೇ ಹಾಕಲು ಶುರು ಮಾಡುತ್ತದೆ.

ಆಗ ಕೈ ಹಿಡಿಯುವುದು ಪಾಸ್ (Pause) ಅಪ್‌ಡೇಟ್ಸ್, ಅಂದರೆ ತಾತ್ಕಾಲಿಕ ತಡೆ. ಒಂದು ವಾರದಿಂದ ಐದು ವಾರದವರೆಗೆ ಎಲ್ಲ ಅಪ್‌ಡೇಟ್‌ಗಳನ್ನೂ ತಡೆಹಿಡಿಯಬಹುದು. ಐದು ವಾರ ಮುಗಿದ ಮೇಲೆ, ಬಾಕಿ ಇರುವುದನ್ನು ಹಾಕಿಕೊಂಡ ನಂತರವೇ ಮತ್ತೆ ಪಾಸ್ ಮಾಡಲು ಬಿಡುತ್ತದೆ. ಇದು ಸೆಕ್ಯುರಿಟಿ ಅಪ್‌ಡೇಟ್ ಅನ್ನೂ ನಿಲ್ಲಿಸುತ್ತದೆ, ಹಾಗಾಗಿ ಇದನ್ನು ಕಾಯಂ ಉಪಾಯ ಅಂದುಕೊಳ್ಳಬೇಡಿ. ಪರೀಕ್ಷೆ, ಪ್ರಯಾಣ, ದೊಡ್ಡ ಗಡುವು ಇಂಥ ಹೊತ್ತಿಗೆ ಮಾತ್ರ ಬಳಸಿ, ಕೆಲಸ ಮುಗಿದ ದಿನವೇ ರೆಸ್ಯೂಮ್ ಒತ್ತಿ.

ಇನ್ನೊಂದು ದಾರಿ ಮೀಟರ್ಡ್ ಕನೆಕ್ಷನ್, ಅಂದರೆ ಈ ಇಂಟರ್ನೆಟ್‌ನಲ್ಲಿ ಡೇಟಾ ಮಿತವಾಗಿ ಬಳಸು ಅಂತ ಹೇಳುವುದು. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಂಡ್ ಇಂಟರ್ನೆಟ್‌ಗೆ ಹೋಗಿ, ನೀವು ಬಳಸುವ ವೈಫೈನ ಪ್ರಾಪರ್ಟೀಸ್ ತೆರೆದು ಅದನ್ನು ಆನ್ ಮಾಡಿದರೆ, ಹೆಚ್ಚಿನ ಅಪ್‌ಡೇಟ್‌ಗಳು ತಾವಾಗಿ ಡೌನ್‌ಲೋಡ್ ಆಗುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟ್ ಬಳಸುವವರಿಗೆ ಇದು ಹೇಗೂ ಬೇಕು. ಮಿಕ್ಕವರಿಗೆ ಪಾಸ್ ಸಾಕು ಅನ್ನುವುದು ನನ್ನ ಅಭಿಪ್ರಾಯ, ಯಾಕೆಂದರೆ ಮೀಟರ್ಡ್ ಆನ್ ಮಾಡಿ ಮರೆತರೆ ತಿಂಗಳ ಸೆಕ್ಯುರಿಟಿ ಅಪ್‌ಡೇಟ್ ಕೂಡ ಹೊರಗೇ ನಿಂತುಬಿಡಬಹುದು.

ರೀಸ್ಟಾರ್ಟ್‌ನ ಕಾಟ ಬೇರೆಯದೇ ವಿಷಯ. ವಿಂಡೋಸ್ ಅಪ್‌ಡೇಟ್ ಪುಟದ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಆಕ್ಟಿವ್ ಅವರ್ಸ್ ಇದೆ. ದಿನಕ್ಕೆ ಗರಿಷ್ಠ 18 ಗಂಟೆ ಕೊಡಬಹುದು, ಆ ಹೊತ್ತಿನಲ್ಲಿ ಅಪ್‌ಡೇಟ್‌ಗಾಗಿ ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗುವುದಿಲ್ಲ. ಆಟೋಮ್ಯಾಟಿಕ್ ಅಂತ ಬಿಡುವುದಕ್ಕಿಂತ ಮ್ಯಾನ್ಯುವಲ್ ಮಾಡಿ ನಿಮ್ಮ ಸಮಯ ಕೊಡಿ. ರಾತ್ರಿ ಕೆಲಸ ಮಾಡುವವರಾಗಿದ್ದರೆ ಇದನ್ನಂತೂ ಬಿಡಲೇಬೇಡಿ. ಅಲ್ಲೇ ರೀಸ್ಟಾರ್ಟ್ ಬೇಕಾದಾಗ ತಿಳಿಸು ಅನ್ನುವ ಸ್ವಿಚ್ಚನ್ನೂ ಆನ್ ಮಾಡಿ.

ಪ್ರೋ ಎಡಿಷನ್ ಇದ್ದರೆ: ಆವೃತ್ತಿಯನ್ನೇ ಕಟ್ಟಿಹಾಕಿ

ಈ ಬರಹದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಪ್ರೋ, ಎಜುಕೇಷನ್, ಎಂಟರ್‌ಪ್ರೈಸ್‌ನಲ್ಲಿ ಗ್ರೂಪ್ ಪಾಲಿಸಿ ಇದೆ. ಅದರಲ್ಲಿ ನಾನು ಇದೇ ಆವೃತ್ತಿಯಲ್ಲಿ ಇರುತ್ತೇನೆ ಅಂತ ಹೇಳಿಬಿಡಬಹುದು. ತಿಂಗಳ ಸೆಕ್ಯುರಿಟಿ ಅಪ್‌ಡೇಟ್‌ಗಳು ಎಂದಿನಂತೆ ಬರುತ್ತವೆ, ದೊಡ್ಡದು ಮಾತ್ರ ಬರುವುದಿಲ್ಲ. ನಮಗೆ ಬೇಕಾಗಿದ್ದು ಇದೇ ತಾನೇ?

1. ಸ್ಟಾರ್ಟ್ ಮೆನುವಿನಲ್ಲಿ ಎಡಿಟ್ ಗ್ರೂಪ್ ಪಾಲಿಸಿ ಅಂತ ಹುಡುಕಿ ತೆರೆಯಿರಿ. ನಿಮ್ಮದು ಅಡ್ಮಿನ್ ಅಕೌಂಟ್ ಆಗಿರಬೇಕು.

2. ಎಡಗಡೆ ಕಂಪ್ಯೂಟರ್ ಕಾನ್ಫಿಗರೇಷನ್, ಅದರೊಳಗೆ ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಆಮೇಲೆ ವಿಂಡೋಸ್ ಕಾಂಪೊನೆಂಟ್ಸ್, ಅದರಲ್ಲಿ ವಿಂಡೋಸ್ ಅಪ್‌ಡೇಟ್. ಪಟ್ಟಿಯ ತಳದಲ್ಲಿರುತ್ತದೆ, ತಾಳ್ಮೆಯಿಂದ ಕೆಳಗೆ ಹೋಗಿ. ವಿಂಡೋಸ್ 11ರಲ್ಲಿ ಅದರೊಳಗೆ ಇನ್ನೂ ಒಂದು ಫೋಲ್ಡರ್ ಇದೆ: ಮ್ಯಾನೇಜ್ ಅಪ್‌ಡೇಟ್ಸ್ ಆಫರ್ಡ್ ಫ್ರಮ್ ವಿಂಡೋಸ್ ಅಪ್‌ಡೇಟ್.

3. ಬಲಗಡೆ ಸೆಲೆಕ್ಟ್ ದ ಟಾರ್ಗೆಟ್ ಫೀಚರ್ ಅಪ್‌ಡೇಟ್ ವರ್ಷನ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಎನೇಬಲ್ಡ್ ಆರಿಸಿ.

4. ಕೆಳಗೆ ಎರಡು ಖಾಲಿ ಜಾಗ ಇರುತ್ತವೆ. ಮೊದಲನೆಯದರಲ್ಲಿ ವಿಂಡೋಸ್ 11 ಅಂತಲೂ ಎರಡನೆಯದರಲ್ಲಿ ನೀವು ಈಗಿರುವ ಆವೃತ್ತಿಯನ್ನೂ, ಉದಾಹರಣೆಗೆ 24ಎಚ್2, ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ. ಆವೃತ್ತಿಗೆ ವಿನ್‌ವರ್ ತೋರಿಸಿದ್ದನ್ನೇ ಬರೆಯಿರಿ, ಅದರ ನಡುವೆ ಸ್ಪೇಸ್ ಬೇಡ. ಓಕೆ ಕೊಟ್ಟು ರೀಸ್ಟಾರ್ಟ್ ಮಾಡಿ.

ಇದಾದ ಮೇಲೆ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ, ಕೆಲವು ಸೆಟ್ಟಿಂಗ್‌ಗಳನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಅನ್ನುವ ಅರ್ಥದ ಸಾಲು ಕಾಣಿಸಬಹುದು. ಯಾರೋ ಹ್ಯಾಕ್ ಮಾಡಿದ್ದಾರೆ ಅಂತ ಗಾಬರಿ ಬೇಡ. ಆ ಪಾಲಿಸಿ ಹಾಕಿದ್ದು ನೀವೇ, ಅದನ್ನೇ ಅದು ಹೇಳುತ್ತಿದೆ.

ಹಳೆಯ ಆವೃತ್ತಿಯ ಹೆಸರು ಕೊಟ್ಟರೆ ಕಂಪ್ಯೂಟರ್ ಹಿಂದಕ್ಕೆ ಹೋಗುವುದಿಲ್ಲ, ಆ ಆಸೆ ಬೇಡ. ಮುಂದಿನ ಆವೃತ್ತಿಯ ಹೆಸರು ಕೊಟ್ಟರೆ ಅದನ್ನು ತಂದು ಹಾಕುತ್ತದೆ, ಅಂದರೆ ನೀವು ಸಿದ್ಧರಾದಾಗ ಬರಮಾಡಿಕೊಳ್ಳುವುದಕ್ಕೂ ಇದೇ ಜಾಗ. ಅವಧಿ ಮುಗಿದ ಮೇಲೂ ಇದನ್ನು ಬದಲಿಸದೆ ಬಿಟ್ಟರೆ, 60 ದಿನ ಕಳೆದ ನಂತರ ವಿಂಡೋಸ್ ಈ ಮಾತನ್ನು ಕೇಳದೆ ಹೊಸ ಆವೃತ್ತಿಯನ್ನು ಹಾಕುತ್ತದೆ ಅಂತ ಮೈಕ್ರೋಸಾಫ್ಟ್‌ನ ನಿಯಮ ಹೇಳುತ್ತದೆ. ರಿಮೈಂಡರ್ ಹಾಕಿ ಅಂತ ಮೇಲೆ ಒತ್ತಿ ಹೇಳಿದ್ದು ಅದಕ್ಕೇ.

ಅದೇ ಫೋಲ್ಡರ್‌ನಲ್ಲಿ ಇನ್ನೆರಡು ಪಾಲಿಸಿಗಳಿವೆ. ಫೀಚರ್ ಅಪ್‌ಡೇಟ್ ಅನ್ನು ಬಿಡುಗಡೆಯಾದ ದಿನದಿಂದ 365 ದಿನಗಳವರೆಗೆ ಮುಂದೂಡುವುದು ಒಂದು, ಕ್ವಾಲಿಟಿ ಅಪ್‌ಡೇಟ್ ಅನ್ನು 30 ದಿನಗಳವರೆಗೆ ಮುಂದೂಡುವುದು ಇನ್ನೊಂದು. ಆವೃತ್ತಿ ಕಟ್ಟಿಹಾಕುವ ತಲೆನೋವು ಬೇಡ, ಪ್ರತಿ ಹೊಸ ಆವೃತ್ತಿಯೂ ಮೂರು ತಿಂಗಳು ತಡವಾಗಿ ತಾನಾಗಿ ಬರಲಿ ಅನ್ನುವವರು ಮೊದಲನೆಯದರಲ್ಲಿ 90 ಅಂತ ಹಾಕಿ ನೆಮ್ಮದಿಯಾಗಿರಬಹುದು. ನಾನಾದರೆ ಕ್ವಾಲಿಟಿಗೆ ಐದೋ ಏಳೋ ದಿನಕ್ಕಿಂತ ಜಾಸ್ತಿ ಕೊಡುವುದಿಲ್ಲ. ಕೆಟ್ಟ ಅಪ್‌ಡೇಟ್ ಆಗಿದ್ದರೆ ಅಷ್ಟರಲ್ಲಿ ಸುದ್ದಿ ಗೊತ್ತಾಗುತ್ತದೆ, ಅದಕ್ಕಿಂತ ಜಾಸ್ತಿ ಕಾದರೆ ತೂತು ತೆರೆದಿಟ್ಟುಕೊಂಡು ಕೂತ ಹಾಗೆ.

ಮಾಡಬಾರದ್ದು

ಸರ್ವೀಸಸ್‌ಗೆ ಹೋಗಿ ವಿಂಡೋಸ್ ಅಪ್‌ಡೇಟ್ ಸರ್ವೀಸ್ ಅನ್ನು ಡಿಸೇಬಲ್ ಮಾಡಿ ಅನ್ನುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಅದು ಸೆಕ್ಯುರಿಟಿ ಅಪ್‌ಡೇಟ್ ಅನ್ನೂ ಸೇರಿಸಿ ಎಲ್ಲವನ್ನೂ ಕೊಲ್ಲುತ್ತದೆ. ಜೊತೆಗೆ ಅದನ್ನು ಸರಿಪಡಿಸಲೆಂದೇ ಮೆಡಿಕ್ ಅನ್ನುವ ಇನ್ನೊಂದು ಸರ್ವೀಸ್ ಇದೆ, ಅದು ಸದ್ದಿಲ್ಲದೆ ಮತ್ತೆ ಆನ್ ಮಾಡಿಬಿಡುತ್ತದೆ. ಸುಮ್ನೆ ಹೋರಾಟ. ಒಂದೇ ಕ್ಲಿಕ್‌ನಲ್ಲಿ ಅಪ್‌ಡೇಟ್ ಬಂದ್ ಅನ್ನುವ ಅಪರಿಚಿತ ಪ್ರೋಗ್ರಾಮ್‌ಗಳನ್ನೂ ದೂರ ಇಡಿ. ಅವಕ್ಕೆ ಅಡ್ಮಿನ್ ಅನುಮತಿ ಕೊಟ್ಟಮೇಲೆ ಒಳಗೆ ಏನೇನು ಮಾಡುತ್ತವೆ ಅಂತ ತಿಳಿಯುವುದು ಕಷ್ಟ.

ಇದರ ತದ್ವಿರುದ್ಧವೂ ಬೇಡ. ಕೆಲವೊಮ್ಮೆ ಎಲ್ಲರಿಗೂ ಬಂದ ಹೊಸ ಆವೃತ್ತಿ ನಿಮಗೆ ಬಂದಿರುವುದಿಲ್ಲ. ನಿಮ್ಮ ಯಾವುದೋ ಡ್ರೈವರ್‌ಗೋ ಪ್ರೋಗ್ರಾಮ್‌ಗೋ ಅದರಿಂದ ತೊಂದರೆ ಇದೆ ಅಂತ ಗೊತ್ತಾಗಿ ಮೈಕ್ರೋಸಾಫ್ಟೇ ತಡೆದಿರಬಹುದು. ಇದನ್ನು ಸೇಫ್‌ಗಾರ್ಡ್ ಹೋಲ್ಡ್ ಅನ್ನುತ್ತಾರೆ. ಅವಸರಪಟ್ಟು, ಇಡೀ ವಿಂಡೋಸ್ ಇರುವ ಐಎಸ್‌ಒ ಫೈಲ್ ಇಳಿಸಿಕೊಂಡು ಬಲವಂತವಾಗಿ ಹಾಕಿದರೆ ಆ ತಡೆಯನ್ನು ದಾಟಿ ನೇರವಾಗಿ ತೊಂದರೆಯೊಳಗೇ ಹೋಗುತ್ತೀರಿ.

ಇನ್ನೂ ವಿಂಡೋಸ್ 10ರಲ್ಲಿ ಇರುವವರಿಗೆ

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮೇಲಿನ ಪಾಲಿಸಿಯಲ್ಲಿ ವಿಂಡೋಸ್ 10 ಮತ್ತು 22ಎಚ್2 ಅಂತ ಕೊಟ್ಟು 11ನ್ನು ತಡೆಯಬಹುದು, ಆದರೆ ಬೆಂಬಲ ಮುಗಿದ ಮೇಲೂ ಸೆಕ್ಯುರಿಟಿ ಅಪ್‌ಡೇಟ್ ಕೊಡುವ ಇಎಸ್‌ಯು ಅನ್ನುವ ಯೋಜನೆಗೆ ಸೇರದೆ ಹಾಗೆ ಕೂತರೆ ಸೆಕ್ಯುರಿಟಿ ಅಪ್‌ಡೇಟ್ ಬರುವುದಿಲ್ಲ. ಮನೆ ಬಳಕೆಯವರಿಗೆ ಇಎಸ್‌ಯು ಯೋಜನೆ 2026ರ ಅಕ್ಟೋಬರ್ 13ರವರೆಗೆ ಇದೆ. ಕಂಪ್ಯೂಟರ್ 22ಎಚ್2ನಲ್ಲಿರಬೇಕು, ಮೈಕ್ರೋಸಾಫ್ಟ್ ಅಕೌಂಟ್ ಇರಬೇಕು, ಸೇರುವ ಲಿಂಕ್ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಕಾಣುತ್ತದೆ.

ಮ್ಯಾಕ್‌ನಲ್ಲಿ

ಇಲ್ಲಿ ಕೆಲಸ ಸಲೀಸು. ಸಿಸ್ಟಮ್ ಸೆಟ್ಟಿಂಗ್ಸ್, ಜನರಲ್, ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಹೋಗಿ, ಆಟೋಮ್ಯಾಟಿಕ್ ಅಪ್‌ಡೇಟ್ಸ್ ಪಕ್ಕದ ಪುಟ್ಟ ಐ ಗುರುತನ್ನು ಒತ್ತಿ. ಮ್ಯಾಕ್‌ಓಎಸ್ ಅಪ್‌ಡೇಟ್‌ಗಳನ್ನು ತಾನಾಗಿ ಇನ್‌ಸ್ಟಾಲ್ ಮಾಡುವುದನ್ನು ಆಫ್ ಮಾಡಿ. ಸೆಕ್ಯುರಿಟಿ ರೆಸ್ಪಾನ್ಸ್ ಮತ್ತು ಸಿಸ್ಟಮ್ ಫೈಲ್‌ಗಳ ಸಾಲನ್ನು ಮಾತ್ರ ಆನ್ ಆಗಿಯೇ ಬಿಡಿ. ಆವೃತ್ತಿಯಿಂದ ಆವೃತ್ತಿಗೆ ಈ ಸಾಲುಗಳ ಪದಗಳು ಸ್ವಲ್ಪ ಬದಲಾಗುತ್ತವೆ, ಅರ್ಥ ನೋಡಿಕೊಳ್ಳಿ.

ಹೀಗೆ ಮಾಡಿದಾಗ ನಿಮ್ಮದೇ ಆವೃತ್ತಿಯ ಸಣ್ಣ ಅಪ್‌ಡೇಟ್‌ಗಳನ್ನೂ ನೀವೇ ಕೈಯಾರೆ ಹಾಕಿಕೊಳ್ಳಬೇಕು. ಆಪಲ್ ಸಾಮಾನ್ಯವಾಗಿ ಸೆಪ್ಟೆಂಬರ್ ಆಸುಪಾಸಿನಲ್ಲಿ ಹೊಸ ಮ್ಯಾಕ್‌ಓಎಸ್ ತರುತ್ತದೆ. 2024ರಲ್ಲಿ ಸೆಕ್ವೋಯಾ ಬಂತು, 2025ರಲ್ಲಿ ಟಾಹೋ. ಸಾಫ್ಟ್‌ವೇರ್ ಅಪ್‌ಡೇಟ್ ಪುಟದಲ್ಲಿ ಹೊಸ ಆವೃತ್ತಿಯ ದೊಡ್ಡ ಬಟನ್ ಕಣ್ಣಿಗೆ ಹೊಡೆಯುವ ಹಾಗಿರುತ್ತದೆ, ಹಳೆಯ ಆವೃತ್ತಿಯ ಸೆಕ್ಯುರಿಟಿ ಅಪ್‌ಡೇಟ್ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಇತರ ಅಪ್‌ಡೇಟ್‌ಗಳು ಅನ್ನುವ ಅರ್ಥದ ಲಿಂಕ್‌ನಲ್ಲಿರುತ್ತದೆ. ಹುಡುಕಿ ಅದನ್ನೇ ಒತ್ತಿ. ನೋಟಿಫಿಕೇಷನ್‌ನಲ್ಲಿ ಇವತ್ತು ರಾತ್ರಿ ಅಪ್‌ಡೇಟ್ ಮಾಡಲಾ ಅಂತ ಬಂದರೆ ಯೋಚಿಸದೆ ಹೂಂ ಅನ್ನಬೇಡಿ. ಮ್ಯಾಕ್‌ನಲ್ಲಿ ದೊಡ್ಡ ಆವೃತ್ತಿಗೆ ಹೋದಮೇಲೆ ವಾಪಸ್ ಬರಬೇಕೆಂದರೆ ಡಿಸ್ಕ್ ಅಳಿಸಿ ಮತ್ತೆ ಹಾಕಬೇಕು, ಆದ್ದರಿಂದ ಟೈಮ್ ಮಷೀನ್ ಬ್ಯಾಕಪ್ ಇಲ್ಲದೆ ಹೆಜ್ಜೆ ಇಡಬೇಡಿ.

ಉಬುಂಟುನಲ್ಲಿ

ಈ ವಿಷಯದಲ್ಲಿ ಉಬುಂಟು ಎಲ್ಲರಿಗಿಂತ ಅಚ್ಚುಕಟ್ಟು. ದೊಡ್ಡ ಆವೃತ್ತಿಗೆ ಅದು ಕೇಳದೆ ಹೋಗುವುದೇ ಇಲ್ಲ, ಸೆಕ್ಯುರಿಟಿ ಅಪ್‌ಡೇಟ್ ಮಾತ್ರ ಹಿನ್ನೆಲೆಯಲ್ಲಿ ತಾನಾಗಿ ಆಗುತ್ತಿರುತ್ತದೆ. ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್ ತೆರೆದು, ಅಪ್‌ಡೇಟ್ಸ್ ಟ್ಯಾಬ್‌ನಲ್ಲಿ ಹೊಸ ಉಬುಂಟು ಆವೃತ್ತಿ ಬಂದಾಗ ತಿಳಿಸು ಅನ್ನುವ ಜಾಗ ನೋಡಿ. ಯಾವುದೇ ಹೊಸ ಆವೃತ್ತಿ, ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಇರುವ ಆವೃತ್ತಿ) ಮಾತ್ರ, ಎಂದೂ ಬೇಡ ಅಂತ ಮೂರು ಆಯ್ಕೆ ಇವೆ. ಎಲ್‌ಟಿಎಸ್ ಮಾತ್ರ ಅನ್ನುವುದನ್ನು ಆರಿಸಿ. ಎಲ್‌ಟಿಎಸ್ ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ, ಐದು ವರ್ಷ ಬೆಂಬಲ ಇರುತ್ತದೆ. ಮಧ್ಯದ ಆವೃತ್ತಿಗಳಿಗೆ ಒಂಬತ್ತೇ ತಿಂಗಳು. ಇನ್ನೊಂದು ಒಳ್ಳೆಯ ಪದ್ಧತಿ ಅಂದರೆ, ಹಳೆಯ ಎಲ್‌ಟಿಎಸ್‌ನಲ್ಲಿ ಇರುವವರಿಗೆ ಹೊಸದನ್ನು ಬಿಡುಗಡೆಯ ದಿನವೇ ತೋರಿಸುವುದಿಲ್ಲ. 24.04 ಬಂದಿದ್ದು 2024ರ ಏಪ್ರಿಲ್‌ನಲ್ಲಿ, 22.04ರವರಿಗೆ ಕರೆ ಬಂದಿದ್ದು ಆಗಸ್ಟ್‌ನಲ್ಲಿ 24.04.1 ಬಂದಮೇಲೆ. ಕಾಯುವ ಕೆಲಸವನ್ನು ಅವರೇ ನಮ್ಮ ಪರವಾಗಿ ಮಾಡಿರುತ್ತಾರೆ.

ದೊಡ್ಡ ಅಪ್‌ಡೇಟ್ ಹಾಕುವ ದಿನ

ಬಿಡುಗಡೆಯಾಗಿ ಎರಡು ಮೂರು ತಿಂಗಳಾದ ಮೇಲೆ ಹಾಕುವುದು ಒಳ್ಳೆಯದು. ಅದಕ್ಕೂ ಮುಂಚೆ ಮೈಕ್ರೋಸಾಫ್ಟ್‌ನ ರಿಲೀಸ್ ಹೆಲ್ತ್ ಪುಟದಲ್ಲಿ ಆ ಆವೃತ್ತಿಯ ಗೊತ್ತಿರುವ ತೊಂದರೆಗಳ ಪಟ್ಟಿ ಓದಿ. ನಿಮ್ಮ ಹೊಟ್ಟೆಪಾಡಿನ ಸಾಫ್ಟ್‌ವೇರ್ ಯಾವುದೋ, ಆಡಿಯೋ ಎಡಿಟಿಂಗ್ ಇರಲಿ, ಅಕೌಂಟಿಂಗ್ ಇರಲಿ, ಅದರ ಕಂಪನಿ ಹೊಸ ಆವೃತ್ತಿಗೆ ಹೊಂದುತ್ತದೆ ಅಂತ ಹೇಳಿದೆಯಾ ನೋಡಿ.

ಫೈಲ್‌ಗಳ ಬ್ಯಾಕಪ್ ಬೇರೆ ಡಿಸ್ಕ್‌ನಲ್ಲಿರಲಿ. ಸಿ ಡ್ರೈವ್‌ನಲ್ಲಿ ಒಂದು 30 ಜಿಬಿಯಾದರೂ ಖಾಲಿ ಇದ್ದರೆ ನಿಶ್ಚಿಂತೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿ. ಇಷ್ಟನ್ನು ಎಲ್ಲರೂ ಹೇಳುತ್ತಾರೆ, ಆದರೆ ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಕೀ ವಿಷಯ ತುಂಬಾ ಜನ ಮರೆಯುತ್ತಾರೆ. ನಿಮಗೆ ಗೊತ್ತಿಲ್ಲದೆಯೇ ಡ್ರೈವ್ ಎನ್‌ಕ್ರಿಪ್ಟ್ ಆಗಿರಬಹುದು. ಅಪ್‌ಡೇಟ್ ಆದಮೇಲೆ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಿದರೆ, ಅದು ಇಲ್ಲದೆ ಒಳಗಿನ ಫೈಲ್ ಒಂದೂ ಸಿಗುವುದಿಲ್ಲ. ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ಗೆ ಲಾಗಿನ್ ಆಗಿ ಕೀ ಅಲ್ಲಿದೆಯಾ ನೋಡಿ, ಕಾಗದದ ಮೇಲೆ ಬರೆದು ಕಂಪ್ಯೂಟರ್‌ನಿಂದ ದೂರ ಇಡಿ.

ಇಡೀ ವಿಂಡೋಸ್ ಬದಲಾಗುವ ಬಗೆಯ ಅಪ್‌ಡೇಟ್ ಹಾಕಿದ ಮೇಲೆ ಸರಿ ಹೋಗಲಿಲ್ಲ ಅಂದರೆ 10 ದಿನದೊಳಗೆ ಹಿಂದಿನ ಆವೃತ್ತಿಗೆ ಮರಳಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಯಲ್ಲಿ ಗೋ ಬ್ಯಾಕ್ ಇದೆ. ಡಿಐಎಸ್‌ಎಂ ಕಮಾಂಡ್ ಗೊತ್ತಿರುವವರು ಆ ಹತ್ತು ದಿನ ಮುಗಿಯುವ ಮೊದಲೇ ಇದನ್ನು 60 ದಿನಕ್ಕೆ ಹೆಚ್ಚಿಸಿಕೊಳ್ಳಬಹುದು. ಅಷ್ಟು ದಿನ ಡಿಸ್ಕ್ ಕ್ಲೀನಪ್ ಮಾಡಿ ಹಳೆಯ ವಿಂಡೋಸ್ ಫೈಲ್‌ಗಳನ್ನು ಅಳಿಸಬೇಡಿ, ವಾಪಸ್ ಹೋಗುವ ದಾರಿ ಅವೇ. ಮೊದಲ ವಾರದಲ್ಲೇ ಪ್ರಿಂಟರ್, ಮೈಕ್, ಕ್ಯಾಮೆರಾ, ಬ್ಲೂಟೂತ್, ಎರಡನೇ ಮಾನಿಟರ್ ಎಲ್ಲವನ್ನೂ ಒಮ್ಮೆ ಬಳಸಿ ನೋಡಿ. ಬೇಕಾದಾಗ ನೋಡಿದರಾಯಿತು ಅಂತ ಬಿಟ್ಟರೆ ಅವಧಿ ಕಳೆದುಹೋಗುತ್ತದೆ.

ಎಲ್ಲ ಸರಿ ಇದೆ ಅನಿಸಿದಾಗ ಗ್ರೂಪ್ ಪಾಲಿಸಿಗೆ ಹೋಗಿ ಆವೃತ್ತಿಯ ಜಾಗದಲ್ಲಿ ಹೊಸ ಹೆಸರು ಇದೆಯಾ ನೋಡಿ, ಆಕ್ಟಿವ್ ಅವರ್ಸ್ ಮತ್ತು ಮೇಲೆ ಹೇಳಿದ ಗೆಟ್ ದ ಲೇಟೆಸ್ಟ್ ಅಪ್‌ಡೇಟ್ಸ್ ಸ್ವಿಚ್ ನೀವು ಬಿಟ್ಟ ಹಾಗೆಯೇ ಇವೆಯಾ ಪರೀಕ್ಷಿಸಿ, ಕ್ಯಾಲೆಂಡರ್‌ನ ರಿಮೈಂಡರ್ ಅನ್ನು ಹೊಸ ಆವೃತ್ತಿಯ ಕೊನೆಯ ದಿನಾಂಕಕ್ಕೆ ತಕ್ಕಂತೆ ಬದಲಿಸಿ.